ಅಂದಿನ ಜಟ್ಟಿ, ಇಂದಿನ ಜಟ್ಟಿ

ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲು ಬಂಗಾರಪೇಟೆ ಮುಟ್ಟುವ ಹೊತ್ತಿಗೆ ಕೂರಲು ಜಾಗವಿರುವುದಿಲ್ಲ. ನಿಂತವರಿಗೆ ಬೆಂಗಳೂರಿನವರೆಗೆ ಬಾಯಿಗಷ್ಟೇ ಕೆಲಸ. ಅಲ್ಲಿ ನಾವು ಎಷ್ಟೋ ಸಲ ಕೇಳಿರುವ ವಾದವೊಂದು ಮುಷ್ಟಿಕಾಳಗದ್ದು. ಮಹಮ್ಮದ್ ಅಲಿಯೆದುರು ಮೈಕ್ ಟೈಸನ್ ನಿಂತಿದ್ದರೆ ಯಾರು ಉರುಳುತ್ತಿದ್ದರು? ಜೋ ಲೂಯಿಸ್ ಈಗಿನ ಭಾರೀ ತೂಕದವರ ಮುಂದೆ ತಾಳುತ್ತಿದ್ದನೆ? ದುಡಿಯುವವನಿಗೆ ಇಂಥ ಹರಟೆ ಏಕೆಂದು ಮುಖ ಸಿಂಡರಿಸುವ ಸಂಗಾತಿಗಳಿದ್ದಾರೆ. ನಾವು ಆ ಗುಂಪಿನವರಲ್ಲ. ಆದರೆ ಈ ಹರಟೆಯಲ್ಲಿ ಒಂದು ಮೋಸ ಅಡಗಿದೆ. ಅದನ್ನು ಹೇಳದೆ ಬಿಡಲಾರೆವು.

ಈ ಹರಟೆಯನ್ನೇ ಸರಕು ಮಾಡಿ ಮಾರಿದವನೊಬ್ಬನುಂಟು. ೧೯೬೭ರಲ್ಲಿ ಅಮೆರಿಕದ ಮರ್ರಿ ವೊರೋನರ್ ಎಂಬಾತ ಹಳೆಯ ಹೊಸ ಜಟ್ಟಿಗಳ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಊಡಿಸಿ, ಅದು ಕೊಟ್ಟ ಫಲಿತಾಂಶವನ್ನು ರೇಡಿಯೋದಲ್ಲಿ ಕಾಳಗವಾಗಿ ಬಿತ್ತರಿಸಿದ. ಅದರಲ್ಲಿ ಅಲಿ ಹಳೆಗಾಲದ ಜಿಮ್ ಜೆಫ್ರೀಸನಿಗೆ ಸೋತ. ಅಲಿ ಹತ್ತು ಲಕ್ಷ ಡಾಲರಿನ ದಾವೆ ಹೂಡಿದ. ಕೊನೆಗೆ ರಾಜಿಯಾಗಿ, ಅದೇ ವೊರೋನರನ ಚಿತ್ರದಲ್ಲಿ ರಾಕಿ ಮಾರ್ಸಿಯಾನೋ ಎದುರು ಹುಸಿಕಾಳಗ ಆಡಲು ಒಪ್ಪಿದ. ಒಪ್ಪದೆ ಏನು ಮಾಡಿಯಾನು? ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆನೆಂದ ತಪ್ಪಿಗೆ ಪಟ್ಟ ಕಿತ್ತುಕೊಂಡು, ಪರವಾನಗಿ ಕಸಿದು, ಅವನ ಅನ್ನದ ದಾರಿಯನ್ನೇ ಮುಚ್ಚಿದ್ದರು. ಗೇಟಿಗೆ ಬೀಗ ಬಿದ್ದ ಗಿರಣಿಯ ಮುಂದೆ ನಿಂತವರಿಗೆ ಈ ಸ್ಥಿತಿಯನ್ನು ನಾವು ವಿವರಿಸಬೇಕಾಗಿಲ್ಲ. ಮಾರ್ಸಿಯಾನೋ ೧೯೫೬ರಲ್ಲೇ ನಿವೃತ್ತನಾಗಿದ್ದವನು. ಮೈ ಇಳಿಸಿಕೊಂಡು, ತಲೆಗೆ ಟೋಪನ್ ಇಟ್ಟುಕೊಂಡು ಬಂದ. ಚಿತ್ರ ತೆರೆಗೆ ಬರುವ ಮುಂಚೆ, ೧೯೬೯ರ ಆಗಸ್ಟಿನಲ್ಲಿ, ವಿಮಾನಾಪಘಾತದಲ್ಲಿ ತೀರಿಕೊಂಡ. ೧೯೭೦ರ ಜನವರಿಯಲ್ಲಿ ಅಮೆರಿಕದವರು ಕಂಡದ್ದು ೧೩ನೆಯ ಸುತ್ತಿನಲ್ಲಿ ಮಾರ್ಸಿಯಾನೋ ಗೆದ್ದುದನ್ನು. ಯೂರೋಪಿಗೆ ಕಳಿಸಿದ ಪ್ರತಿಯಲ್ಲಿ ಗೆದ್ದವನು ಅಲಿ! ಯಂತ್ರಕ್ಕೆ ಪಕ್ಷಪಾತವಿಲ್ಲವಂತೆ. ಟಿಕೆಟ್ಟು ಮಾರುವವನಿಗೆ ಇತ್ತು.

ಕಟ್ಟಳೆ ಗೊತ್ತುಮಾಡುವವನ ಕೈಯಲ್ಲೇ ಗೆಲುವೂ ಇರುತ್ತದೆ. ಮಾರ್ಸಿಯಾನೋ ತೂಗುತ್ತಿದ್ದುದು ೮೪-೮೫ ಕಿಲೋ; ಇಂದು ಭಾರೀ ತೂಕವೆನಿಸಲು ೯೦ ಕಿಲೋ ದಾಟಬೇಕು, ಟೈಸನ್ ಫ್ಯೂರಿಯಂಥವನು ೧೨೫ ಮುಟ್ಟುತ್ತಾನೆ. ೧೯೧೫ರಲ್ಲಿ ಹವಾನಾದಲ್ಲಿ ಜ್ಯಾಕ್ ಜಾನ್ಸನ್ ಜೆಸ್ ವಿಲ್ಲರ್ಡನ ಎದುರು ನಿಂತಾಗ ಕರಾರಾಗಿದ್ದುದು ೪೫ ಸುತ್ತು. ಅವನು ಬಿದ್ದುದು ೨೬ನೆಯದರಲ್ಲಿ. ಇಂದಿನ ಪಟ್ಟದ ಕಾಳಗ ೧೨ ಸುತ್ತಿಗೆ ಮುಗಿಯುತ್ತದೆ.

ಇನ್ನು ಆಡಲಿಕ್ಕೇ ಬಿಡದವರ ಕಥೆ. ಜಾನ್ಸನ್ ೧೯೦೮ರಲ್ಲಿ ಸಿಡ್ನಿಯಲ್ಲಿ ಪಟ್ಟ ಗೆದ್ದ ಮೊದಲ ಕರಿಯ. ಅವನು ಸೋತ ಮೇಲೆ ೧೯೩೭ರಲ್ಲಿ ಜೋ ಲೂಯಿಸ್ ಬರುವವರೆಗೆ, ೨೨ ವರ್ಷ, ಮತ್ತೊಬ್ಬ ಕರಿಯನಿಗೆ ಪಟ್ಟಕ್ಕಾಗಿ ಕಾದಲು ಅವಕಾಶವಾಗಲಿಲ್ಲ. ಹ್ಯಾರಿ ವಿಲ್ಸ್ ಎಂಬವನು ಡೆಂಪ್ಸಿಗಾಗಿ ಕಾದು ಕಾದು ಮುದುಕನಾದ. ಜಾನ್ಸನ್ನನೂ ಪಟ್ಟವೇರಿದ ಮೇಲೆ ತನ್ನ ಜನದವನೇ ಆದ ಸ್ಯಾಮ್ ಲ್ಯಾಂಗ್‌ಫರ್ಡನನ್ನು ಹತ್ತಿರ ಬಿಡಲಿಲ್ಲ. ಕುರ್ಚಿ ಸಿಕ್ಕೊಡನೆ ಹಿಂದಿನವರನ್ನು ಮರೆಯುವ ಮುಂದಾಳುಗಳು ನಮಗೇನು ಹೊಸಬರಲ್ಲ.

ಎರಡು ಕಾಲದ ಜಟ್ಟಿಗಳು ನಿಜವಾಗಿ ಎದುರಾದದ್ದೂ ಉಂಟು. ೧೯೫೧ರ ಅಕ್ಟೋಬರಿನಲ್ಲಿ ಮಾರ್ಸಿಯಾನೋ ಎಂಟನೆಯ ಸುತ್ತಿನಲ್ಲಿ ಲೂಯಿಸನನ್ನು ಕೆಡವಿದ. ಲೂಯಿಸನಿಗೆ ಆಗ ೩೭ ವರ್ಷ. ೧೯೪೨ರಲ್ಲಿ ಎರಡು ಕಾಳಗಗಳ ಗಳಿಕೆಯನ್ನು ನೌಕಾಪಡೆಯ ಮತ್ತು ಸೇನೆಯ ಪರಿಹಾರನಿಧಿಗೆ ಕೊಟ್ಟವನು, ತೆರಿಗೆಯ ಬಾಕಿ ತೀರಿಸಲು ಮತ್ತೆ ಕಣಕ್ಕಿಳಿದಿದ್ದ. ದಾಖಲೆಯ ಪುಸ್ತಕದಲ್ಲಿ ಉಳಿದಿರುವುದು ಗೆಲುವು-ಸೋಲು ಮಾತ್ರ. ಬಾಕಿಯ ಲೆಕ್ಕ ಅದರಲ್ಲಿಲ್ಲ.

ನಮ್ಮ ಕೋಲಾರ ಚಿನ್ನದ ಗಣಿಯಲ್ಲೂ ಇಂಥ ಹೋಲಿಕೆ ನಡೆದೇ ಇದೆ. ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಕುದಿಯುವ ಸೆಕೆಯಲ್ಲಿ, ಬಂಡೆ ಸಿಡಿಯುವ ಭಯದಲ್ಲಿ ದುಡಿದ ತಾತ ಗಟ್ಟಿಯೋ, ರೈಲಿನಲ್ಲಿ ನಿಂತು ಬೆಂಗಳೂರಿಗೆ ಹೋಗಿಬರುವ ಮೊಮ್ಮಗ ಗಟ್ಟಿಯೋ? ‘ಆ ಕಾಲದವರೇ ಆಳುಗಳು’ ಎಂದು ಮನೆಯ ಹಿರಿಯರು ಹೇಳಿದರೆ ಅದು ಅಭಿಮಾನ. ಅದನ್ನೇ ಮೇಸ್ತ್ರಿ ಹೇಳಿದರೆ ಪಾಳಿಯನ್ನು ಒಂದು ಗಂಟೆ ಎಳೆಯಲು ಪೀಠಿಕೆ. ತಾತನ ಎದೆಗೂಡಿನಲ್ಲಿ ಕಲ್ಲಿನ ಧೂಳು ಕೂತದ್ದನ್ನು ಆ ಮೇಸ್ತ್ರಿ ಎತ್ತುವುದಿಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿದ ಮೇಲೆ ಮೊಮ್ಮಗನಿಗೆ ಉಳಿದದ್ದು ಗುತ್ತಿಗೆಯ ಕೂಲಿ ಎಂಬುದನ್ನೂ ಎತ್ತುವುದಿಲ್ಲ. ರಾಬರ್ಟ್‌ಸನ್‌ಪೇಟೆಯ ಅಂಗಡಿಯವರೂ ಈ ಮಾತು ಕೇಳಿದವರೇ: ‘ನಿಮ್ಮಪ್ಪ ಇದೇ ಅಂಗಡಿಯಲ್ಲಿ ಮನೆ ಕಟ್ಟಿಸಿದರಲ್ಲ!’ ಅಪ್ಪನ ಕಾಲಕ್ಕೆ ಗಣಿಯ ಸಂಬಳದ ದಿನವೆಂಬುದೊಂದಿತ್ತು, ಸ್ವಾಮಿ.

ಇಷ್ಟು ಹೇಳಿಯೂ ಅಲಿಯೋ ಟೈಸನ್ನೋ ಎಂದು ರೈಲಿನ ಗೆಳೆಯರು ಬಿಡುವುದಿಲ್ಲವೆಂದು ಬಲ್ಲೆವು. ನಾವು ಅಲಿಯ ಕಡೆ. ೧೯೭೪ರಲ್ಲಿ ಕಿನ್ಶಾಸಾದಲ್ಲಿ ಫೋರ್ಮನ್ನನ ಏಟುಗಳನ್ನೆಲ್ಲ ಹಗ್ಗಕ್ಕೊರಗಿ ಉಂಡು ಎಂಟನೆಯ ಸುತ್ತಿನಲ್ಲಿ ಅವನನ್ನು ಕೆಡವಿದವನು. ಟೈಸನ್ನನೋ ೧೯೯೦ರಲ್ಲಿ ಟೋಕಿಯೋದಲ್ಲಿ ಹತ್ತನೆಯ ಸುತ್ತಿಗೆ ನೆಲ ಕಂಡವನು. ಆದರೆ ಕಾಳಗ ಮೂರೇ ಸುತ್ತೆಂದರೆ ನಾವು ಪಂಥ ಕಟ್ಟುವುದಿಲ್ಲ.