ಬೀದಿ ತುಂಬಾ ಬ್ಯಾಟರಿ, ಒಂದಕ್ಕೊಂದು ಮಾತಿಲ್ಲ

1/5
ನಿಮ್ಮ ಬೀದಿಯಲ್ಲಿ ಎಷ್ಟು ಬ್ಯಾಟರಿ ಇದೆ ಅಂತ ಯಾವತ್ತಾದ್ರೂ ಲೆಕ್ಕ ಹಾಕಿದೀರಾ? ಫೋನ್, ಲ್ಯಾಪ್‌ಟಾಪ್ ಬಿಡಿ. ಮೆಟ್ಟಿಲ ಕೆಳಗೆ ಡಿಸ್ಟಿಲ್ಡ್ ವಾಟರ್ ಕುಡ್ಕೊಂಡು ಕೂತಿರುತ್ತಲ್ಲ, ಆ ಯುಪಿಎಸ್ ಬ್ಯಾಟರಿ. 12 ವೋಲ್ಟ್, 150 ಆಂಪಿಯರ್-ಅವರ್ ಅಂದ್ರೆ 1.8 ಯೂನಿಟ್. 40 ಮನೆಗೆ 72 ಯೂನಿಟ್. ಲೆಡ್-ಆಸಿಡ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡ್ತಾ ಇದ್ರೆ ಬೇಗ ಸಾಯತ್ತೆ, ಅದಕ್ಕೆ ಅರ್ಧ ಮಾತ್ರ ಹಿಡೀರಿ: 36 ಯೂನಿಟ್. ಯಾರೋ ಒಬ್ಬರ ಮನೆಯಲ್ಲಿ ಹೊಸ ಲಿಥಿಯಂ ಬ್ಯಾಟರಿ ಇದ್ರೆ ಇನ್ನೊಂದು 5 ಯೂನಿಟ್ ಸೇರಿಸಿ.

ಇದಕ್ಕೆಲ್ಲ ನಮ್ಮ ಅಪ್ಪ-ಅಮ್ಮ ಆಗಲೇ ದುಡ್ಡು ಕೊಟ್ಟಾಗಿದೆ. ಆದ್ರೂ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಇದರಿಂದ ಆಗ್ತಿರೋ ಉಪಕಾರ ಸೊನ್ನೆ. ಉಪಕಾರ ಹಾಳಾಗ್ಲಿ, ಉಪದ್ರವ!

2/5
ಯಾಕೆ ಅಂದ್ರೆ, ಸಂಜೆ ಕರೆಂಟ್ ಹೋಗಿ ವಾಪಸ್ ಬಂದ ಕೂಡಲೇ ಎಲ್ಲ ಯುಪಿಎಸ್‌ಗಳೂ ಒಟ್ಟಿಗೆ ಚಾರ್ಜ್‌ಗೆ ಬೀಳ್ತವೆ. ಒಂದಕ್ಕೆ ಸುಮಾರು 200 ವ್ಯಾಟ್ ಅಂದ್ರೂ 40 ಮನೆಗೆ 8 ಕಿಲೋವ್ಯಾಟ್, ಅದೂ ಮಿಕ್ಸಿ, ಗೀಸರ್, ಎಸಿ ಎಲ್ಲ ಓಡೋ ಹೊತ್ತಲ್ಲೇ. ‘ನೀನು ಈಗ ತಿನ್ನು, ನಾನು ರಾತ್ರಿ 11ಕ್ಕೆ ತಿಂತೀನಿ’ ಅಂತ ಸರದಿ ಹಚ್ಚೋಕೆ ರಾಕೆಟ್ ವಿಜ್ಞಾನ ಬೇಡ. ಒಂದು ಸಂದೇಶ ಕೇಳಿಸ್ಕೊಳ್ಳೋ ಕಿವಿ ಸಾಕು. ಅದೇ ಇಲ್ಲ.

ಹೊಸ ಲಿಥಿಯಂ ಬ್ಯಾಟರಿಗೆ ಕಿವಿ, ಬಾಯಿ ಎರಡೂ ಇದೆ. ಭಾಷೆ ಮಾತ್ರ ಕಂಪನಿಗೊಂದು.

3/5
ಇದು ಈ ಸರಣಿಯಲ್ಲೇ ನನಗೆ ಜಾಸ್ತಿ ಸಿಟ್ಟು ತರಿಸೋ ವಿಷಯ, ನಿಧಾನವಾಗಿ ಓದಿ.

ಲಿಥಿಯಂ ಬ್ಯಾಟರಿ ಒಳಗೆ ಬಿಎಂಎಸ್ ಅಂತ ಒಂದು ಸರ್ಕ್ಯೂಟ್ ಇರತ್ತೆ. ಎಷ್ಟು ಚಾರ್ಜ್ ಉಳಿದಿದೆ, ಬಿಸಿ ಎಷ್ಟಾಗಿದೆ, ಎಷ್ಟು ಕರೆಂಟ್ ತಡ್ಕೋಬಹುದು ಅನ್ನೋದನ್ನ ಅದು ಇನ್ವರ್ಟರ್‌ಗೆ ಹೇಳ್ತಾ ಇರತ್ತೆ. ಹೇಳೋದು ಸಾಮಾನ್ಯವಾಗಿ ಕ್ಯಾನ್ ಅಥವಾ ಆರ್‌ಎಸ್-485 ಅನ್ನೋ ತಂತಿ ಮೂಲಕ. ಸಾಕೆಟ್ ನೋಡಿದ್ರೆ ಇಂಟರ್ನೆಟ್ ಕೇಬಲ್‌ದೇ. ಆದ್ರೆ ಒಳಗಿನ ತಂತಿಗಳ ಕ್ರಮ ಒಬ್ಬೊಬ್ಬರದು ಒಂದೊಂದು ಥರ, ಅದರಲ್ಲಿ ಹೋಗೋ ಮಾತೂ ಬೇರೆ. ಎ ಕಂಪನಿ ಬ್ಯಾಟರಿ ‘ಸಾಕು, ತುಂಬ್ತು’ ಅಂದ್ರೆ ಬಿ ಕಂಪನಿ ಇನ್ವರ್ಟರ್‌ಗೆ ಅರ್ಥವೇ ಆಗಲ್ಲ. ಆಗ ಇನ್ವರ್ಟರ್ ವೋಲ್ಟೇಜ್ ನೋಡಿ ಅಂದಾಜು ಹಾಕಬೇಕು. ಮನೆಗೆ ಬರೋ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜ್ ಅರ್ಧ ಖಾಲಿಯಾದ್ರೂ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರತ್ತೆ. ಅಂದಾಜು ತಪ್ಪದೇ ಇನ್ನೇನಾಗತ್ತೆ?

ಹಾಗಾಗಿ ಅಂಗಡಿಯವರು ಹೇಳೋದು ಒಂದೇ ಮಾತು: ‘ಎರಡೂ ನಮ್ದೇ ತಗೊಳ್ಳಿ ಸಾರ್.’ ಐದಾರು ವರ್ಷ ಬಿಟ್ಟು ಕಂಪನಿ ಆ ಮಾಡೆಲ್ ನಿಲ್ಲಿಸ್ತು ಅಂದ್ರೆ ಚೆನ್ನಾಗಿರೋ ಇನ್ವರ್ಟರ್ ಗುಜರಿಗೆ. ಇದಕ್ಕೆ ಅವರು ‘ಇಕೋಸಿಸ್ಟಮ್’ ಅಂತ ಹೆಸರಿಟ್ಟಿದಾರೆ. ನಮ್ಮೂರಲ್ಲಿ ಇದಕ್ಕೆ ಮೂಗುದಾರ ಅಂತಾರೆ.

4/5
‘ಸುರಕ್ಷತೆ ಕಣ್ರೀ, ಬೇರೆ ಬೇರೆ ಬ್ಯಾಟರಿ ಬೆರೆಸಿದ್ರೆ ಬೆಂಕಿ’ ಅನ್ನೋ ವಾದ ಕಾಮೆಂಟಲ್ಲಿ ಬಂದೇ ಬರತ್ತೆ. ಅರ್ಧ ನಿಜ. ಹಳೇ ಲೆಡ್-ಆಸಿಡ್, ಹೊಸ ಲಿಥಿಯಂ ಎರಡನ್ನೂ ನೇರವಾಗಿ ತಂತಿ ಹಾಕಿ ಜೋಡಿಸಬೇಡಿ, ದಯವಿಟ್ಟು. ಆದ್ರೆ ನಾನು ಕೇಳ್ತಿರೋದು ಅದಲ್ಲ. ಪ್ರತಿ ಬ್ಯಾಟರಿ ತನ್ನ ಇನ್ವರ್ಟರ್ ಹಿಂದೆಯೇ ಇರ್ಲಿ, ಅಪಾಯ ಅನಿಸಿದ್ರೆ ಬಿಎಂಎಸ್ ಯಾರ ಮಾತೂ ಕೇಳದೆ ಆಫ್ ಆಗ್ಲಿ. ಹಂಚ್ಕೋಬೇಕಿರೋದು ಮಾಹಿತಿ, ಕೇಳಬೇಕಿರೋದು ಕೋರಿಕೆ. ಬೀಗದ ಕೈ ನಿಮ್ಮ ಹತ್ರಾನೇ ಇಟ್ಕೊಳ್ಳಿ, ಬಾಗಿಲು ತಟ್ಟಿದ್ರೆ ‘ಯಾರು’ ಅಂತಾದ್ರೂ ಕೇಳಿ ಅಷ್ಟೇ.

ಆಗಲ್ಲ ಅನ್ನೋರಿಗೆ: ಯುಪಿಐ 2016ರಲ್ಲಿ ಬಂತು, ಬ್ಯಾಂಕ್‌ಗಳು ಸಾಯಲಿಲ್ಲ. ಯುರೋಪ್ ಟೈಪ್-ಸಿ ಕಡ್ಡಾಯ ಅಂದ್ಮೇಲೆ 2023ರಲ್ಲಿ ಐಫೋನ್ ಕೂಡ ಬಗ್ತು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಏಥರ್ ಮಾಡಿದ ಸ್ಕೂಟರ್ ಚಾರ್ಜಿಂಗ್ ಕನೆಕ್ಟರ್ ಬೇರೆಯವರಿಗೂ ತೆರೆದು, 2023ರಲ್ಲಿ ಬಿಐಎಸ್ ಮಾನದಂಡವೇ ಆಯ್ತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಅದೇ ವರ್ಷ ಜುಲೈನಿಂದ ಹೊಸದಾಗಿ ಹಾಕೋ ಸೋಲಾರ್‌ಗೆ, ಗ್ರಿಡ್ ಕಳಿಸೋ ಮಿತಿಗೆ ತಕ್ಕಂತೆ ಹೊಂದ್ಕೊಳ್ಳೋ ಸಾಮರ್ಥ್ಯ ಇರಲೇಬೇಕು. ಮೋಡ್‌ಬಸ್, ಐಇಇಇ 2030.5 ಥರದ ತೆರೆದ ಭಾಷೆಗಳು ಎಷ್ಟೋ ವರ್ಷದಿಂದ ಇವೆ. ಕೊರತೆ ತಂತ್ರಜ್ಞಾನದ್ದಲ್ಲ, ಕಂಪನಿಗಳ ಮನಸ್ಸಿನದ್ದು.

5/5
ಸರ್ಕಾರಕ್ಕೆ ಷರತ್ತು ಹಾಕೋದು ಗೊತ್ತಿಲ್ಲ ಅಂತಲ್ಲ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಬೇಕು ಅಂದ್ರೆ ದೇಶದಲ್ಲೇ ತಯಾರಾದ ಪ್ಯಾನೆಲ್ ಇರಬೇಕು. ಪ್ಯಾನೆಲ್‌ಗೆ ಹಾಕಿದ ಷರತ್ತು ಬ್ಯಾಟರಿಗೆ ಯಾಕಿಲ್ಲ? ಸಾರ್ವಜನಿಕ ದುಡ್ಡು ಯಾವ ಬ್ಯಾಟರಿಗೆ ಸೇರಿದ್ರೂ ಅದು ತೆರೆದ ಭಾಷೆ ಮಾತಾಡಬೇಕು, ಕಂಪನಿಯ ಸರ್ವರ್ ಮುಚ್ಚಿಹೋದ್ರೂ ಮನೆಯೊಳಗೇ ಕೆಲಸ ಮಾಡಬೇಕು. ಎಸ್ಕಾಂಗಳೂ ಕೆಇಆರ್‌ಸಿಯೂ ಇದನ್ನ ಈಗಲೇ ಬರೆದಿಡಬೇಕು, ಮನೆಮನೆಗೂ ಲಿಥಿಯಂ ಬಂದ್ಮೇಲೆ ಅಲ್ಲ. ಕೆಇಆರ್‌ಸಿ ವಿದ್ಯುತ್ ದರದ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆಸತ್ತೆ, ಅಲ್ಲಿ ಯಾರು ಬೇಕಾದ್ರೂ ಆಕ್ಷೇಪಣೆ ಸಲ್ಲಿಸಬಹುದು. ಇಂಜಿನಿಯರಿಂಗ್ ಓದೋರು ಎಷ್ಟು ಜನ ಹೋಗಿದೀರಿ?

ಅಲ್ಲಿವರೆಗೆ, ಮನೆಗೆ ಹೊಸ ಬ್ಯಾಟರಿ ತರೋಕೆ ಅಪ್ಪ ಹೊರಟ್ರೆ ಜೊತೆಗೆ ಹೋಗಿ. ‘ಇದರ ಪ್ರೊಟೊಕಾಲ್ ದಾಖಲೆ ಕೊಡ್ತೀರಾ? ಬೇರೆ ಯಾವ ಇನ್ವರ್ಟರ್ ಜೊತೆ ಓಡತ್ತೆ, ಬಿಲ್ ಮೇಲೆ ಬರೆದುಕೊಡ್ತೀರಾ?’ ಅಂತ ಕೇಳಿ. ಅವರ ಉತ್ತರ ಕೆಳಗೆ ಕಾಮೆಂಟ್ ಮಾಡಿ, ಜೊತೆಗೆ ನಿಮ್ಮ ಇನ್ವರ್ಟರ್ ಮಾಡೆಲ್ ಹೆಸರು. ಸೀರಿಯಲ್ ನಂಬರ್ ಹಾಕಬೇಡಿ. ಯಾವುದು ಯಾವುದರ ಜೊತೆ ಮಾತಾಡತ್ತೆ ಅನ್ನೋ ಪಟ್ಟಿ ಮುಂದಿನ ವಾರ ಹಾಕ್ತೀನಿ.

#ನಮ್ಮಕರೆಂಟ್ #ತೆರೆದಭಾಷೆ #ಬ್ಯಾಟರಿಮಾತು