ಹಲಗೆಯ ಕೆಳಮೈ

ಕಡಲ ಅಲೆಯ ಮೇಲೆ ಹಲಗೆಯೊಂದರಲ್ಲಿ ನಿಂತು ಜಾರುತ್ತ ಬರುವ ಸರ್ಫಿಂಗ್ ಆಟವನ್ನು ನೀವು ಟೀವಿಯಲ್ಲಾದರೂ ನೋಡಿರುತ್ತೀರಿ. ನೋಡುವವರ ಕಣ್ಣೆಲ್ಲ ಹಲಗೆಯ ಮೇಲೆ ನಿಂತವನ ಕೈಕಾಲುಗಳತ್ತ. ಆದರೆ ಆಟದ ಅರ್ಧ ಗುಟ್ಟು ಅಡಗಿರುವುದು ಕಣ್ಣಿಗೆ ಬೀಳದ ಕಡೆ, ಹಲಗೆಯ ಕೆಳಮೈಯಲ್ಲಿ.

ಕಡಲೇ ಇಲ್ಲದ ಕೊಡಗಿನವರಿಗೆ ಈ ವಿಷಯವೇಕೆ ಎನ್ನಬೇಡಿ. ಸಂಪಾಜೆ ಘಾಟಿ ಇಳಿದು ಮಂಗಳೂರು ದಾಟಿದರೆ ಮೂಲ್ಕಿ. 2004ರ ಸುಮಾರಿಗೆ ಅಲ್ಲಿನ ಆಶ್ರಮವೊಂದರಲ್ಲಿ ಸರ್ಫಿಂಗ್ ಶುರುವಾಯಿತು. ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೇ ನಡೆದಿದೆ. ರಜೆ ಬಂತೆಂದರೆ ನಮ್ಮ ಹುಡುಗರೂ ಅತ್ತ ಹೊರಡುವುದುಂಟು. ಹೊರಡುವ ಮುನ್ನ ಒಂದು ಪ್ರಶ್ನೆ: 'ಯಾವ ಹಲಗೆ ಒಳ್ಳೆಯದು ಸಾರ್?' ಈ ಪ್ರಶ್ನೆಗೆ ತಪ್ಪು ಉತ್ತರ ಸಿಕ್ಕರೆ ಹಣ ಮಾತ್ರವಲ್ಲ, ಹಲ್ಲೂ ಹೋದೀತು.

ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವುದು ನಮಗೇನೂ ಹೊಸದಲ್ಲ. ಉತ್ತ ಗದ್ದೆಯನ್ನು ಮಟ್ಟ ಮಾಡಲು ಎತ್ತು ಕಟ್ಟಿದ ಹಲಗೆಯ ಮೇಲೆ ನಿಂತ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಕರಾವಳಿಯ ಕಂಬಳದಲ್ಲಂತೂ ಹಲಗೆಗಳದೇ ಎರಡು ವಿಭಾಗ. ಅಡ್ಡಹಲಗೆ ಕೆಸರನ್ನು ಸವರಿಕೊಂಡು ಓಡುತ್ತದೆ. ಕನೆಹಲಗೆಗೆ ತೂತುಗಳಿವೆ, ಕೋಣಗಳು ಓಡುವಾಗ ಅವುಗಳ ಮೂಲಕ ನೀರು ಕಾರಂಜಿಯಂತೆ ಚಿಮ್ಮಿ, ಆರೂವರೆ ಅಥವಾ ಏಳೂವರೆ ಕೋಲು ಎತ್ತರದ ನಿಶಾನೆಯನ್ನು ಮುಟ್ಟಬೇಕು. ನೀರು ಅದೇ, ಕೋಣಗಳೂ ಅಂಥವೇ. ಬದಲಾದದ್ದು ಹಲಗೆಯ ರೂಪ. ಅದರೊಂದಿಗೆ ಫಲವೂ ಬದಲಾಯಿತು.

ಈಗ ಕಡಲಿನ ಹಲಗೆಗೆ ಬರೋಣ. ಒಂಬತ್ತು ಅಡಿ ಅಥವಾ ಅದಕ್ಕೂ ಉದ್ದವಿದ್ದು, ಮೂತಿ ದುಂಡಗಿರುವ ಹಲಗೆಗೆ ಲಾಂಗ್‌ಬೋರ್ಡ್ ಎಂದು ಹೆಸರು. ನಿಂತ ನೀರಿನಲ್ಲಿ ಅದು ತೇಲುವುದು ಆರ್ಕಿಮಿಡೀಸನ ನಿಯಮದಂತೆ. ವೇಗ ಬಂದೊಡನೆ ಇನ್ನೊಂದು ಬಲ ಜೊತೆಗೂಡುತ್ತದೆ. ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದಾಗ ಕೆರೆಯ ನೀರು ಅದನ್ನು ಮೇಲಕ್ಕೆ ತಳ್ಳಿ ಕುಪ್ಪಳಿಸುವಂತೆ ಮಾಡುವುದಿಲ್ಲವೇ? ಹಾಗೆಯೇ ನೀರು ಹಲಗೆಯ ಕೆಳಮೈಯನ್ನು ಎತ್ತಿ ಹಿಡಿಯುತ್ತದೆ. ಒಂದು ಮೀಟರ್ ಆಳದ ನೀರಿನಲ್ಲಿ ಅಲೆ ಗಂಟೆಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಎರಡು ಮೀಟರ್ ಆಳವಿದ್ದರೆ ಸುಮಾರು 16. ಲಾಂಗ್‌ಬೋರ್ಡಿನ ಕೆಳಮೈ ವಿಸ್ತಾರವಾದುದರಿಂದ ಕಡಿಮೆ ವೇಗದಲ್ಲೇ ಅದು ಎದ್ದು ಜಾರತೊಡಗುತ್ತದೆ. ಸಣ್ಣ, ನಿಧಾನದ ಅಲೆಗೂ ಅದು ಒಲಿಯುವುದು ಇದರಿಂದಲೇ.

ಇನ್ನು ಕೆಳಮೈಯ ಬಾಗು. ಮೂತಿಯಿಂದ ಬಾಲದವರೆಗೆ ಹಲಗೆ ಎಷ್ಟು ಬಾಗಿದೆ ಎಂಬುದನ್ನು ಮೊದಲು ನೋಡಬೇಕು. ಬಾಗು ಕಡಿಮೆ ಇದ್ದರೆ ಓಟ ಸಲೀಸು, ಆದರೆ ಕಡಿದಾದ ಅಲೆಯಲ್ಲಿ ಮೂತಿ ನೀರಿಗೆ ನಾಟಿ ಸವಾರ ಪಲ್ಟಿ. ಬಾಗು ಹೆಚ್ಚಿದ್ದರೆ ತಿರುಗಿಸುವುದು ಸುಲಭ, ಆದರೆ ಹಲಗೆ ನೀರನ್ನು ನೂಕುತ್ತ ಹೋಗುವುದರಿಂದ ವೇಗ ಕುಗ್ಗುತ್ತದೆ.

ಅಡ್ಡ ಸೀಳಿ ನೋಡಿದರೆ ಕೆಳಮೈ ಉಬ್ಬಿರಬಹುದು, ಸಪಾಟಾಗಿರಬಹುದು, ತಗ್ಗಾಗಿರಬಹುದು. ಇದರ ವ್ಯತ್ಯಾಸ ತಿಳಿಯಲು ಅಡುಗೆಮನೆಯೇ ಪ್ರಯೋಗಶಾಲೆ. ಚಮಚದ ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಅದರ ಉಬ್ಬಿದ ಬೆನ್ನನ್ನು ನಲ್ಲಿಯ ಧಾರೆಗೆ ತಾಗಿಸಿ. ಚಮಚ ದೂರ ಸರಿಯುವ ಬದಲು ಧಾರೆಯೊಳಕ್ಕೇ ಸೆಳೆಯಲ್ಪಡುತ್ತದೆ! ನೀರು ಉಬ್ಬನ್ನು ಅಪ್ಪಿಕೊಂಡು ಬಾಗಿ ಹರಿಯುವುದೇ ಇದಕ್ಕೆ ಕಾರಣ. ಈಗ ಚಮಚದ ತಗ್ಗನ್ನು ಧಾರೆಗೆ ಒಡ್ಡಿ. ನೀರು ಎರಚಿ, ಚಮಚ ಹಿಂದಕ್ಕೆ ತಳ್ಳಲ್ಪಡುತ್ತದೆ.

ಲಾಂಗ್‌ಬೋರ್ಡ್ ಮಾಡುವವರು ಇವೆರಡನ್ನೂ ಬಳಸುತ್ತಾರೆ. ದುಂಡನೆಯ ಅಂಚನ್ನೂ ಉಬ್ಬಿದ ಹೊಟ್ಟೆಯನ್ನೂ ನೀರು ಅಪ್ಪಿ ಹಿಡಿಯುವುದರಿಂದ ಹಲಗೆ ಅಲೆಗೆ ಅಂಟಿಕೊಂಡಂತೆ ಸಾಗುತ್ತದೆ. ವೇಗ ಸ್ವಲ್ಪ ಕಡಿಮೆ. ಮೂತಿಯ ಅಡಿಯಲ್ಲಿ ತಗ್ಗಿದ್ದರೆ ನೀರು ಮೂತಿಯನ್ನು ಎತ್ತುತ್ತದೆ. ಬಾಲವನ್ನು ಅಲೆ ಅದುಮಿ ಹಿಡಿದಿರುವಾಗ ನುರಿತ ಸವಾರ ಹೆಜ್ಜೆಯಿಡುತ್ತ ಮೂತಿಯ ತುದಿಗೆ ಹೋಗಿ ನಿಲ್ಲುವುದು ಈ ಎರಡು ಬಲಗಳ ಆಸರೆಯಿಂದ. ಬಾಲದ ಕಡೆ ಅಂಚು ಚೂಪಾಗಿದ್ದರೆ ನೀರು ಅಪ್ಪಿಕೊಳ್ಳದೆ ಕಳಚಿಕೊಳ್ಳುತ್ತದೆ, ವೇಗ ಏರುತ್ತದೆ. ಜೊತೆಗೆ ಹಲಗೆ ಚಂಚಲವೂ ಆಗುತ್ತದೆ.

ಕೊನೆಯದು ಕೆಳಗಿನ ರೆಕ್ಕೆ. 1935ರಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕನ್ ತನ್ನ ಹಲಗೆಯಡಿ ದೋಣಿಯ ತಳದ ರೆಕ್ಕೆಯೊಂದನ್ನು ಜೋಡಿಸಿದ. ಅದಕ್ಕೆ ಮುನ್ನ ಬಾಲ ಅಡ್ಡಡ್ಡ ಜಾರದಂತೆ ತಡೆಯಲು ಕಾಲನ್ನೇ ನೀರಿಗೆ ಇಳಿಬಿಡಬೇಕಿತ್ತು. ರೆಕ್ಕೆಯಿಲ್ಲದಿದ್ದರೆ ಏನಾಗುತ್ತದೆಂದು ತಿಳಿಯಬೇಕೆ? ಹರಿಗೋಲನ್ನು ನೋಡಿ. ದುಂಡು ತಳದ ಅದು ಹುಟ್ಟಿನ ಒಂದೇ ಏಟಿಗೆ ಗಿರಗಿರನೆ ತಿರುಗುತ್ತದೆ.

ಹಾಗೆಂದು ಹರಿಗೋಲಿಗೆ ರೆಕ್ಕೆ ಹಚ್ಚಿದರೆ ಅದು ಸುಧಾರಣೆಯಲ್ಲ, ಬಂಡೆಯ ಸಂದಿಗೆ ಸಿಕ್ಕಿಸುವ ಉಪಾಯ! ನಮ್ಮ ದುಬಾರೆಯಲ್ಲೂ ಬರಪೊಳೆಯಲ್ಲೂ ಓಡಿಸುವ ರ‍್ಯಾಫ್ಟ್‌ಗಳನ್ನು ಗಮನಿಸಿ. ತಳ ಸಪಾಟು, ಎರಡೂ ತುದಿ ಮೇಲಕ್ಕೆ ಬಾಗಿವೆ, ರೆಕ್ಕೆಯಿಲ್ಲ. ಬಂಡೆಗಳ ನಡುವೆ ಎತ್ತ ಬೇಕಾದರೂ ತಿರುಗಬೇಕಾದ ಹೊಳೆಯ ವಾಹನಕ್ಕೆ ಅದೇ ಸರಿ. ಅದನ್ನೇ ಕಡಲ ಅಲೆಗೆ ಒಯ್ದರೆ ಲಾಂಗ್‌ಬೋರ್ಡಿನ ನಯವಾದ ಓಟ ಸಿಗದು. ಯಾವ ಕೆಳಮೈಯೂ ಎಲ್ಲ ನೀರಿಗೂ ಒಳ್ಳೆಯದಲ್ಲ. ಒಂದು ಗುಣ ಪಡೆಯಲು ಇನ್ನೊಂದನ್ನು ತೆರಬೇಕು.

ಆದ್ದರಿಂದ 'ಯಾವ ಹಲಗೆ ಒಳ್ಳೆಯದು' ಎಂದು ಕೇಳುವ ಬದಲು 'ಯಾವ ನೀರಿಗೆ, ಯಾರ ಕಾಲಿಗೆ' ಎಂದು ಕೇಳಬೇಕು. ಚಾಂಪಿಯನ್ ನಿಂತ ಚೂಪು ಅಂಚಿನ ಸಣ್ಣ ಹಲಗೆಯ ಫೋಟೋ ನೋಡಿ ಅದನ್ನೇ ಕೊಡಿಸೆಂದು ಮಗ ಹಟ ಹಿಡಿದರೆ ತಂದೆತಾಯಿಗಳು ಮಣಿಯಬೇಕಿಲ್ಲ. ಹೊಸಬರಿಗೆ ಉದ್ದದ, ಅಗಲವಾದ, ಮೆತ್ತನೆಯ ಹೊದಿಕೆಯ ಹಲಗೆ, ದುಂಡನೆಯ ಅಂಚು, ಬಾಗುವ ರೆಕ್ಕೆ, ಇಳಿಯಲು ಸೊಂಟದಷ್ಟು ನೀರು, ಪಕ್ಕದಲ್ಲಿ ಕಲಿಸುವವರು. ಬಿದ್ದಾಗ ತಲೆ ಮುಂದಾಗಿ ಧುಮುಕದೆ ಹಲಗೆಯಿಂದ ದೂರಕ್ಕೆ ಬಿದ್ದು, ಮೇಲೇಳುವಾಗ ಕೈಗಳಿಂದ ತಲೆ ಮುಚ್ಚಿಕೊಳ್ಳಬೇಕು. ಒಂಬತ್ತು ಅಡಿಯ ಹಲಗೆಯನ್ನು ಅಲೆ ಬೀಸಿ ಎಸೆದರೆ ಅದು ಒನಕೆಯ ಏಟು. ಮಳೆಗಾಲದ ಕಡಲಿಗಂತೂ ಕಲಿಯುವವರು ಇಳಿಯಲೇಬಾರದು.

ಮಗ ಹಲಗೆ ಬಾಡಿಗೆಗೆ ಪಡೆಯುವ ಮುನ್ನ ಅದನ್ನು ಒಮ್ಮೆ ಮಗುಚಿ ನೋಡಲಿ, ಅಂಗೈಯಿಂದ ಅದರ ಕೆಳಮೈ ಸವರಲಿ. ಎಲ್ಲಿ ಉಬ್ಬು, ಎಲ್ಲಿ ತಗ್ಗು, ಎಲ್ಲಿ ಚೂಪು ಎಂದು ಕೈಗೆ ತಿಳಿದರೆ, ನೀರು ಅದನ್ನು ಹೇಗೆ ಹಿಡಿದೀತು, ಹೇಗೆ ಬಿಟ್ಟೀತು ಎಂಬುದು ತಕ್ಕಮಟ್ಟಿಗೆ ತಲೆಗೂ ಹೊಳೆಯುತ್ತದೆ.