ತಂತಿಗೆ ಮೃದಂಗದ ವೇಷ



ತಂತಿಯನ್ನು ಮೀಟಿದರೆ ಮೃದಂಗದ ಸದ್ದು ಹೊರಡುವ ಯಂತ್ರವೊಂದುಂಟು. ಗಿಟಾರ್ ಸಿಂಥಸೈಸರೆಂಬುದು ಅದರ ಹೆಸರು. ಜಪಾನಿನ ರೋಲ್ಯಾಂಡ್ ಸಂಸ್ಥೆಯವರು 1977ರಲ್ಲಿಯೇ ಈ ಜಾತಿಯ ವಾದ್ಯವನ್ನು ಹೊರತಂದರು. ಇದೊಂದಿದ್ದರೆ ಉತ್ಸವಗಳಿಗೂ ಮದುವೆಮನೆಗಳಿಗೂ ಮೃದಂಗದವರನ್ನು ಬೇರೆಯಾಗಿ ಕರೆಸಬೇಕಾದುದಿಲ್ಲವೆಂಬ ವಾದವು ಈಚೆಗೆ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ವಿದ್ಯಾವಂತರಲ್ಲಿಯೂ ಕೇಳಿಬರುತ್ತಲಿದೆ. ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಜನಿಸಿದ ರುದ್ರಪಟ್ಟಣವು ನಮ್ಮ ಅರಕಲಗೂಡು ತಾಲ್ಲೂಕಿನಲ್ಲಿಯೇ ಇರಲಾಗಿ, ಈ ಸೀಮೆಯವರು ಇಂತಹ ಮಾತನ್ನು ವಿಚಾರಿಸದೆ ಒಪ್ಪುವುದು ತರವಲ್ಲ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿಯೇ ಹೇಳುವೆನು. "ಕಿವಿಗೆ ಬೇಕಾದುದು ಸದ್ದು, ಅದು ಚರ್ಮದಿಂದ ಬಂದರೇನು, ತಂತಿಯಿಂದ ಬಂದರೇನು? ವೀಣೆಯಲ್ಲಿಯೂ ತಾಳದ ತಂತಿಗಳು ಮೂರಿಲ್ಲವೇ?" ಎಂದು ಅವರು ಕೇಳುವರು. ಇದಕ್ಕೆ ಸಮಾಧಾನವೇನೆಂದರೆ, ವೈಣಿಕನು ಕಿರುಬೆರಳಿನಿಂದ ತಾಳದ ತಂತಿಯನ್ನು ಮೀಟುವಾಗ ತಂತಿಯು ತಂತಿಯಾಗಿಯೇ ನುಡಿಯುವುದು, ಮೃದಂಗದ ವೇಷವನ್ನು ಹಾಕುವುದಿಲ್ಲ. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಂಗಡಿಸಿದುದು ವ್ಯರ್ಥವಲ್ಲ. ಒಂದೊಂದರಲ್ಲಿ ನಾದವು ಹುಟ್ಟುವ ಬಗೆಯೇ ಬೇರೆ.

ಇನ್ನು ಯಂತ್ರದ ಕೆಲಸವನ್ನು ನೋಡೋಣ. ಆರು ತಂತಿಗಳಿಗೂ ಒಂದೊಂದು ಪ್ರತ್ಯೇಕ ಗ್ರಾಹಕವಿದ್ದು, ತಂತಿಯ ಕಂಪನವನ್ನು ಅಳೆದು, ಸ್ವರವನ್ನು ಗುರುತಿಸಿ, ಆ ಸ್ವರಕ್ಕೆ ಮೊದಲೇ ಗೊತ್ತುಮಾಡಿಟ್ಟ ಸದ್ದನ್ನು ಹೊರಡಿಸುವುದು. ಗಿಟಾರಿನ ಅತಿಮಂದ್ರದ ತಂತಿಯು ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುವುದರಿಂದ, ಒಂದು ಕಂಪನಕ್ಕೆ ಸೆಕೆಂಡಿನ ಸಾವಿರ ಪಾಲಿನಲ್ಲಿ 12 ಪಾಲು ಬೇಕು. ಅತಿತಾರದ ತಂತಿಗೆ 3 ಪಾಲು ಸಾಕು. ಸ್ವರವನ್ನು ಗುರುತಿಸಬೇಕಾದರೆ ಹೆಚ್ಚುಕಡಿಮೆ ಒಂದು ಕಂಪನದಷ್ಟಾದರೂ ಕಾಯಬೇಕಾಗುವುದು. ಈ ತಡವು ಅಲ್ಪವೆಂದೂ, ನಿಧಾನವಾದ ಆಲಾಪನೆಯಲ್ಲಿ ತಿಳಿಯದೆಂದೂ ಒಪ್ಪುವೆನು. ಆದರೆ ತಂತಿಗೊಂದು ತಡವಾದರೆ, ದ್ರುತಕಾಲದ ತನಿ ಆವರ್ತನದಲ್ಲಿ ಲಯದ ಗತಿಯೇನು? ಲಯವನ್ನು ತಂದೆಯೆಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೇ?

ಮೃದಂಗದಲ್ಲಿ ಅದೇ ಬೆರಳು ಅಂಚಿಗೆ ಬಿದ್ದರೆ ಒಂದು ನುಡಿ, ಕರಣೆಯ ಮೇಲೆ ಬಿದ್ದರೆ ಇನ್ನೊಂದು. ಎಡಗೈಯನ್ನು ಒತ್ತಿ ಜಾರಿಸಿದರೆ ಗುಮಕಿ. ಇವುಗಳ ನಡುವಣ ಛಾಯೆಗಳಿಗೆ ಲೆಕ್ಕವಿಲ್ಲ. ಯಂತ್ರಕ್ಕಾದರೋ ತನ್ನಲ್ಲಿ ತುಂಬಿಟ್ಟಷ್ಟೇ ಬಂಡವಾಳ.

ಇಲ್ಲಿ ಸರ್ ಸಿ. ವಿ. ರಾಮನ್ ಅವರು 1920ರಲ್ಲಿ ಪ್ರಕಟಿಸಿದ ವಿಚಾರವನ್ನು ಸ್ಮರಿಸುವುದು ಉಚಿತ. ಸಾಮಾನ್ಯ ಭೇರಿಯ ಚರ್ಮದಿಂದ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದಲ್ಲಿಯಾದರೋ ಚರ್ಮದ ನಡುವೆ ಮೆತ್ತಿದ ಕರಣೆಯ ಭಾರದಿಂದ ಅವು ತಂತಿಯ ಉಪಸ್ವರಗಳಂತೆಯೇ ಕ್ರಮಕ್ಕೆ ಬರುತ್ತವೆಂದು ಅವರು ತೋರಿಸಿದರು. ಎಂದರೆ, ಹೆಸರು ತಿಳಿಯದ ನಮ್ಮ ಕುಶಲಕರ್ಮಿಗಳು ಚರ್ಮಕ್ಕೆ ತಂತಿಯ ಗುಣವನ್ನು ಕಲಿಸಿದ್ದರು. ಈ ಯಂತ್ರವಾದರೋ ತಂತಿಗೆ ಸಹಜವಾದ ನಾದವನ್ನೇ ಮರೆಮಾಡಿ, ಅದರಿಂದ ಚರ್ಮದ ಅಣಕವನ್ನು ಮಾಡಿಸುವುದು. ಅದು ಏರಿಕೆ, ಇದು ಇಳಿಕೆ.

ಅಷ್ಟೇ ಅಲ್ಲದೆ, ಯಂತ್ರದಲ್ಲಿ ಧ್ವನಿಮುದ್ರಿಸಿಟ್ಟ ಮೃದಂಗದ ನುಡಿಯಾದರೂ ಎಲ್ಲಿಂದ ಬಂದಿತು? ಬಾಲ್ಯದಿಂದ ಗುರುವಿನ ಮುಂದೆ ಕುಳಿತು ಪಾಠಮಾಡಿದ ಒಬ್ಬ ವಾದಕನ ಕೈಯಿಂದಲ್ಲವೇ? ಅಂತಹ ಕೈಗಳಿಗೆ ಅನ್ನವಿಲ್ಲದಂತೆ ಮಾಡಿ, ಅವರಿಂದ ಪಡೆದ ಸದ್ದನ್ನೇ ಮಾರುವುದು ಬೀಜದ ಭತ್ತವನ್ನು ಕುಟ್ಟಿ ಉಂಡಂತೆ.

ನಾನು ಯಂತ್ರದ್ವೇಷಿಯಲ್ಲ. ವಿದ್ಯುತ್ ತಂಬೂರಿಯು ಎಷ್ಟೋ ಮನೆಗಳಲ್ಲಿ ಹುಡುಗಿಯರ ಅಭ್ಯಾಸಕ್ಕೆ ನೆರವಾಗಿದೆ. ಗಿಟಾರಿನ ತರುಣರೂ ಈ ಹೊಸ ವಾದ್ಯದಿಂದ ತಮ್ಮ ಕಲ್ಪನೆಯನ್ನು ಮನೆಯಲ್ಲಿ ಪರೀಕ್ಷಿಸಿಕೊಳ್ಳಲಿ. ಹೊಸ ನಾದವನ್ನು ಹುಡುಕಿದರೆ ನಾನೂ ಬಂದು ಕೇಳುವೆನು. ಆದರೆ ಸಭೆಯಲ್ಲಿ ಮೃದಂಗದವರ ಸ್ಥಾನದಲ್ಲಿ ಅದನ್ನು ಕೂರಿಸಬೇಡಿರಿ. ಮುಂದಿನ ರಾಮೋತ್ಸವಕ್ಕೆ ಖರ್ಚಿನ ಪಟ್ಟಿಯನ್ನು ಬರೆಯುವ ಮಹನೀಯರು ಮೃದಂಗದವರ ಸಂಭಾವನೆಯ ಸಾಲನ್ನು ಹೊಡೆದುಹಾಕದಿರಲೆಂಬುದೇ ನನ್ನ ಪ್ರಾರ್ಥನೆ.